ಸೈನಿಕನ ಬಂದೂಕು ಹೊಲಕ್ಕೆ ಬಂದ ಕಥೆ

ಓದುಗರೇ, ತ್ರೀ-ನಾಟ್-ತ್ರೀ ಬಂದೂಕನ್ನು ನೀವು ನೋಡಿಯೇ ಇರುತ್ತೀರಿ. ಊರ ಶಾಲೆಯಲ್ಲಿ ಮತದಾನ ನಡೆಯುವಾಗ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತ ಪೋಲೀಸರ ತೊಡೆಯ ಮೇಲೆ ನೋಡಿರಬಹುದು. ಇಲ್ಲವೇ ಖಜಾನೆಯ ಕಾವಲಿನವನ ಹೆಗಲ ಮೇಲೆ. ಎನ್.ಸಿ.ಸಿ. ಕ್ಯಾಂಪಿಗೆ ಹೋದ ಹುಡುಗರು ಭುಜ ಊದಿಸಿಕೊಂಡು ಬಂದು ಅದರ ಒದೆತವನ್ನು ವರ್ಣಿಸಿದ್ದನ್ನಾದರೂ ಕೇಳಿರುತ್ತೀರಿ. ಆ ಬಂದೂಕಿನ ಹುಟ್ಟುಹೆಸರು ಲೀ-ಎನ್‌ಫೀಲ್ಡ್. ಅದು ಕೆಲವು ದೇಶಗಳಲ್ಲಿ ಸೈನ್ಯದಿಂದ ನಿವೃತ್ತಿ ಪಡೆದು ರೈತನ ಮನೆಗೆ ಬಂತು, ಅಲ್ಲಿ ಗರಗಸದ ಬಾಯಿಗೆ ಸಿಕ್ಕಿ ರೂಪ ಬದಲಿಸಿತು. ನಮ್ಮಲ್ಲಿ ಹಾಗಾಗಲಿಲ್ಲ. ಎರಡಕ್ಕೂ ಕಾರಣಗಳಿವೆ. ಅಟ್ಟದ ಮೇಲೆ ಅಜ್ಜನ ಕೋವಿ ಇರುವವರು ಇದನ್ನು ಕೊನೆಯತನಕ ಓದಬೇಕು. ಇಲ್ಲದವರು ಕುತೂಹಲಕ್ಕೆ ಓದಬಹುದು.

ಮೊದಲು ಹೆಸರಿನ ವಿಚಾರ. ಲೀ ಎಂಬಾತ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ. ತೋಟಾಗಳನ್ನು ಒಂದರ ಮೇಲೊಂದು ಜೋಡಿಸಿಡುವ ಪೆಟ್ಟಿಗೆ ಮತ್ತು ಹಿಂದೆ-ಮುಂದೆ ಸರಿಯುವ ಬೋಲ್ಟು ಅವನ ಕಲ್ಪನೆ. ಎನ್‌ಫೀಲ್ಡ್ ಎಂಬುದು ಲಂಡನ್ನಿನ ಹತ್ತಿರದ ಊರು, ಸರ್ಕಾರಿ ಬಂದೂಕು ಕಾರ್ಖಾನೆ ಅಲ್ಲಿತ್ತು. 1895ರಲ್ಲಿ ಇದು ಬ್ರಿಟಿಷ್ ಸೈನ್ಯಕ್ಕೆ ಬಂತು. 1907ರಲ್ಲಿ ಬಂದ ಮೂರನೆಯ ಮಾದರಿ ಎರಡು ಮಹಾಯುದ್ಧಗಳನ್ನು ಕಂಡಿತು. ನಳಿಗೆಯ ಒಳಗಿನ ಅಗಲ ಒಂದು ಅಂಗುಲದ ಸಾವಿರದಲ್ಲಿ 303 ಭಾಗ, ಅದೇ ತ್ರೀ-ನಾಟ್-ತ್ರೀ. ತೂಕ ಸುಮಾರು 4 ಕಿಲೋ, ಹೊಟ್ಟೆಯಲ್ಲಿ 10 ತೋಟಾ. ಪಳಗಿದ ಸಿಪಾಯಿ ಒಂದು ನಿಮಿಷದಲ್ಲಿ 15 ಈಡುಗಳನ್ನು ಗುರಿಗೆ ತಾಗಿಸಬೇಕೆಂಬ ಅಭ್ಯಾಸವಿತ್ತು. ಅದಕ್ಕೆ ಅವರೇ ಇಟ್ಟ ಹೆಸರು ಹುಚ್ಚು ನಿಮಿಷ. ಬಂಗಾಳದ ಈಶಾಪುರದಲ್ಲಿಯೂ ಇದರ ಕಾರ್ಖಾನೆ ಎದ್ದಿತು. ಎಲ್ಲ ಕಡೆ ಸೇರಿ ತಯಾರಾದವು ಒಂದೂವರೆ ಕೋಟಿಗೂ ಮೇಲೆಂಬುದು ಸಾಮಾನ್ಯ ಅಂದಾಜು. ಯುದ್ಧ ಮುಗಿದ ಮೇಲೆ ಇಷ್ಟನ್ನೂ ಏನು ಮಾಡುವುದು?

ಲಿತ್ಗೋದಿಂದ ಕುರಿಹಟ್ಟಿಗೆ

ಆಸ್ಟ್ರೇಲಿಯದಲ್ಲಿ ಸಿಡ್ನಿಯಿಂದ ಪಶ್ಚಿಮಕ್ಕೆ ಬೆಟ್ಟದ ಸಾಲು ದಾಟಿದರೆ ಲಿತ್ಗೋ ಎಂಬ ಕಲ್ಲಿದ್ದಲಿನ ಊರು ಸಿಗುತ್ತದೆ. 1912ರಲ್ಲಿ ಅಮೆರಿಕದ ಯಂತ್ರಗಳನ್ನು ತರಿಸಿ ಅಲ್ಲಿ ಬಂದೂಕು ಕಾರ್ಖಾನೆ ತೆರೆದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ದೇಶದ ಉಗ್ರಾಣಗಳು ತುಂಬಿ ತುಳುಕುತ್ತಿದ್ದವು. ಸರ್ಕಾರ ಹೆಚ್ಚಾದದ್ದನ್ನು ಅಗ್ಗಕ್ಕೆ ಮಾರಿತು. ಕೊಂಡವರಲ್ಲಿ ರೈತರೇ ಬಹಳ.

ಆ ರೈತರಿಗೆ ಬಂದೂಕು ಷೋಕಿಯ ವಸ್ತುವಾಗಿರಲಿಲ್ಲ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಎರಡು ಡಜನ್ ಮೊಲ ತರಿಸಿ ತನ್ನ ಜಮೀನಿನಲ್ಲಿ ಬಿಟ್ಟ. ಮುಂದಿನ ಐವತ್ತು ವರ್ಷದಲ್ಲಿ ಅವುಗಳ ಸಂತಾನ ಖಂಡದ ಬಹುಭಾಗವನ್ನು ಮೇದು ಬೋಳು ಮಾಡಿತು. ಬೇಲಿ ಹಾಕಿದರು, ವಿಷ ಇಟ್ಟರು, 1950ರಲ್ಲಿ ಮೊಲಗಳಿಗೇ ತಗಲುವ ರೋಗವನ್ನು ಬೇಕೆಂದೇ ಹರಡಿದರು. ಮೊಲದ ಜೊತೆಗೆ ಕುರಿಮರಿ ಕದಿಯುವ ನರಿ, ಬೆಳೆ ಉರುಳಿಸುವ ಹಂದಿ, ಹುಲ್ಲುಗಾವಲಿಗೆ ಪಾಲುದಾರನಾದ ಕಾಂಗರೂ. ಅಲ್ಲಿಯ ಹಂದಿಯೂ ನಮ್ಮ ಕಾಡುಹಂದಿಯಂತೆ ಕಾಡಿನ ಮೂಲದ್ದಲ್ಲ, ಮನುಷ್ಯರು ತಂದ ಸಾಕುಹಂದಿ ತಪ್ಪಿಸಿಕೊಂಡು ಕಾಡು ಸೇರಿದ್ದು. ರಾತ್ರಿ ಬೆಳಗಾಗುವುದರಲ್ಲಿ ಗದ್ದೆ ಉತ್ತು ಹಾಕುವುದರಲ್ಲಿ ಮಾತ್ರ ವ್ಯತ್ಯಾಸವಿಲ್ಲ.

ಹೀಗೆ ಸಿಪಾಯಿಯ ಬಂದೂಕು ಕುರಿಹಟ್ಟಿಯ ಮೊಳೆಗೆ ನೇತುಬಿತ್ತು. ಆದರೆ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಒಂದು ತೊಡಕಿತ್ತು. ಸೈನ್ಯದ ತೋಟಾ ಹಾರುವ ಬಂದೂಕನ್ನು ಸಾಮಾನ್ಯರು ಇಟ್ಟುಕೊಳ್ಳಲು ಅಲ್ಲಿಯ ಕಾನೂನು ಅಡ್ಡ ಬರುತ್ತಿತ್ತು. ಅಲ್ಲಿಯ ಬಂದೂಕು ಕಸಬಿನವರು ಬುದ್ಧಿ ಓಡಿಸಿದರು. 303ರ ತೋಟಾದ ಹಿತ್ತಾಳೆ ಚಿಪ್ಪನ್ನೇ ತೆಗೆದುಕೊಂಡು, ಅದರ ಕತ್ತನ್ನು ಕಾಲು ಅಂಗುಲದ ಗುಂಡು ಹಿಡಿಯುವಷ್ಟಕ್ಕೆ ಕಿರಿದು ಮಾಡಿ, ಬಂದೂಕಿಗೆ ಆ ಅಳತೆಯ ಹೊಸ ನಳಿಗೆ ತೊಡಿಸಿದರು. ಅದಕ್ಕೆ 303-25 ಎಂದು ಹೆಸರಾಯಿತು. ಸೈನ್ಯದ ತೋಟಾ ಇದರಲ್ಲಿ ಹಾರದು, ಹಾಗಾಗಿ ಕಾನೂನಿಗೆ ತಕರಾರಿಲ್ಲ. ಕಾಂಗರೂ ಹೊಡೆಯುವವರಿಗೆ ಸೈನ್ಯದ ಭಾರಿ ಗುಂಡಿಗಿಂತ ಈ ಹಗುರ ಗುಂಡೇ ಹಿಡಿಸಿತು. ಒಂದು ಕಾನೂನು ಅಡ್ಡ ಬಂದದ್ದರಿಂದ ಹೊಸ ತೋಟಾ ಹುಟ್ಟಿದ ಉದಾಹರಣೆ ಇದು. ನಮ್ಮ ದೇಶದಲ್ಲೂ ಇಂಥದೇ ನಡೆದಿದೆ, ಮುಂದೆ ಹೇಳುತ್ತೇನೆ.

ಅಗ್ಗದ ಸೈನ್ಯದ ಬಂದೂಕಿನ ಇನ್ನೊಂದು ಮುಖವನ್ನೂ ಹೇಳದೆ ಬಿಡಬಾರದು. ಅಮೆರಿಕದಲ್ಲಿ ಆ ಕಾಲಕ್ಕೆ ಪತ್ರಿಕೆಯ ಜಾಹೀರಾತು ನೋಡಿ, ಮನಿಯಾರ್ಡರ್ ಕಳಿಸಿ, ಅಂಚೆಯಲ್ಲೇ ಬಂದೂಕು ತರಿಸಬಹುದಿತ್ತು. ನಮ್ಮವರು ಬಿತ್ತನೆ ಬೀಜ ತರಿಸಿದಂತೆ. ಇಟಲಿಯ ಸೈನ್ಯ ಕೈಬಿಟ್ಟ ಕಾರ್ಕಾನೋ ಎಂಬ ಬಂದೂಕು ದುರ್ಬೀನು ಸಮೇತ 19 ಡಾಲರ್ 95 ಸೆಂಟಿಗೆ ಸಿಗುತ್ತಿತ್ತು. ಹಾಗೆ ಸುಳ್ಳು ಹೆಸರಿನಲ್ಲಿ ತರಿಸಿದ ಒಂದು ಬಂದೂಕಿನಿಂದಲೇ 1963ರ ನವೆಂಬರ್ 22ರಂದು ಅಧ್ಯಕ್ಷ ಕೆನೆಡಿಯವರ ಕೊಲೆಯಾಯಿತು. 1968ರಲ್ಲಿ ಅಲ್ಲಿಯ ಸರ್ಕಾರ ಅಂಚೆ ವ್ಯಾಪಾರವನ್ನು ನಿಲ್ಲಿಸುವ ಕಾನೂನು ತಂದಿತು.

ಗರಗಸದ ಕೆಲಸ

ಸೈನ್ಯದ ಬಂದೂಕು ರೈತನಿಗೆ ಭಾರ, ಉದ್ದ. ತುದಿಯವರೆಗೂ ಮರದ ಕವಚ, ಮೂತಿಗೆ ಬಯೊನೆಟ್ ಸಿಕ್ಕಿಸುವ ಕಬ್ಬಿಣದ ಟೋಪಿ. ಬಯೊನೆಟ್ಟಿನಿಂದ ಮೊಲ ತಿವಿಯುವವರು ಯಾರೂ ಇಲ್ಲವಲ್ಲ! ಹಾಗಾಗಿ ಕೊಂಡವರು ಮಾಡುತ್ತಿದ್ದ ಮೊದಲ ಕೆಲಸ ಮುಂಭಾಗದ ಮರವನ್ನು ಅರ್ಧಕ್ಕೆ ಕೊಯ್ದು, ಟೋಪಿ ಬಿಚ್ಚಿ ಎಸೆಯುವುದು. ಆಮೇಲೆ ನಳಿಗೆಯನ್ನು ಗೇಣುದ್ದ ಕತ್ತರಿಸುವುದು, ಹಿಡಿಯ ಮರವನ್ನು ಕೆತ್ತಿ ನಯ ಮಾಡುವುದು, ಮೇಲೊಂದು ದುರ್ಬೀನು ಕೂರಿಸುವುದು. ಹೀಗೆ ಮಾಡಿದ್ದನ್ನು ಷಿಕಾರಿ ಮಾದರಿ ಎಂದು ಕರೆದರು. ಅಂಗಡಿಗಳೇ ಸಾವಿರಗಟ್ಟಲೆ ಹೀಗೆ ತಿದ್ದಿ ಮಾರಿದವು. ಮನೆಯ ಹಿತ್ತಲಲ್ಲಿ ತಾವೇ ಕೊಯ್ದುಕೊಂಡವರಿಗಂತೂ ಲೆಕ್ಕವಿಲ್ಲ.

ಕೊಯ್ದ ಮೇಲೆ ಅನೇಕರಿಗೆ ಒಂದು ಆಶ್ಚರ್ಯ ಕಾದಿತ್ತು. ಅಚ್ಚುಕಟ್ಟಾಗಿ ಹೊಡೆಯುತ್ತಿದ್ದ ಬಂದೂಕು ಗುರಿ ತಪ್ಪತೊಡಗಿತು. ಕಾರಣ ಇಷ್ಟೇ. ಮೂರನೆಯ ಮಾದರಿಯ ನಳಿಗೆ ತೆಳುವಾದದ್ದು. ಈಡು ಹಾರುವಾಗ ಅದು ಹೊಡೆದ ತಂತಿಯಂತೆ ನಡುಗುತ್ತದೆ. ಆ ನಡುಕವನ್ನು ಹಿಡಿತದಲ್ಲಿಡಲೆಂದೇ ಮುಂಭಾಗದ ಮರವನ್ನೂ ಟೋಪಿಯನ್ನೂ ಅಳತೆ ಮಾಡಿ ಜೋಡಿಸಿದ್ದರು. ಒಳಗೆ ನಳಿಗೆಯನ್ನು ಹದವಾಗಿ ಒತ್ತುವ ಒಂದು ಸಣ್ಣ ಸ್ಪ್ರಿಂಗ್ ಕೂಡ ಇತ್ತು. ಬೇಡದ ಭಾರವೆಂದು ಕಿತ್ತು ಹಾಕಿದ್ದು ಅದನ್ನೇ. ನೇಗಿಲಿಗೆ ಭಾರವೆಂದು ಮೇಳಿ ಕತ್ತರಿಸಿದವನ ಪಾಡಾಯಿತು ಅವರದು.

ಇನ್ನೊಂದು ತಪ್ಪು ಬೋಲ್ಟಿನದು. ಕಾರ್ಖಾನೆಯಲ್ಲಿ ಪ್ರತಿ ಬೋಲ್ಟನ್ನೂ ಅದರದೇ ಬಂದೂಕಿಗೆ ಕೂರಿಸಿ, ಎರಡಕ್ಕೂ ಒಂದೇ ನಂಬರು ಹೊಡೆಯುತ್ತಿದ್ದರು. ಉಗ್ರಾಣದಲ್ಲಿ ಬೋಲ್ಟುಗಳನ್ನು ಬೇರೆ ರಾಶಿ ಹಾಕಿ, ಮಾರುವಾಗ ಕೈಗೆ ಸಿಕ್ಕಿದ್ದನ್ನು ತುರುಕಿ ಕೊಟ್ಟರೆ ತೋಟಾದ ಹಿಂದೆ ಕೂದಲೆಳೆಯ ಸಂದು ಉಳಿಯಬಹುದು. ಸಂದು ಹೆಚ್ಚಾದರೆ ಚಿಪ್ಪು ಹರಿದು ಬಿಸಿ ಹೊಗೆ ಹಿಂದಕ್ಕೆ, ಅಂದರೆ ಕಣ್ಣಿನ ಕಡೆಗೆ ನುಗ್ಗುತ್ತದೆ. ಅಂಥ ಹಳೆಯ ಬಂದೂಕು ಕೊಳ್ಳುವ ದೇಶಗಳಲ್ಲಿ ತಿಳಿದವರು ಮೊದಲು ನೋಡುವುದು ಆ ಎರಡು ನಂಬರುಗಳನ್ನು.

ಈಗ ಕಾಲ ತಿರುಗಿದೆ. ಒಂದು ಕಾಲಕ್ಕೆ ಎಲ್ಲೆಲ್ಲೂ ಸಿಗುತ್ತಿದ್ದ ಬಂದೂಕು ಹಳೆಯ ವಸ್ತುವಾಗಿದೆ. ಕೊಯ್ಯದೆ ಉಳಿದದ್ದಕ್ಕೆ ಸಂಗ್ರಹಕಾರರು ಕೊಯ್ದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಡುತ್ತಾರೆ. ತಾತ ಕತ್ತರಿಸಿ ಎಸೆದ ಮರದ ತುಂಡನ್ನು ಮೊಮ್ಮಗ ಹಣ ಕೊಟ್ಟು ಹುಡುಕುತ್ತಿದ್ದಾನೆ. ಕೆನಡಾದ ಉತ್ತರದ ಹಿಮದಲ್ಲಿ ಗಸ್ತು ತಿರುಗುವ ರೇಂಜರ್‌ಗಳಿಗೆ ಮಾತ್ರ ಇದು ಹಳೆಯ ವಸ್ತುವಾಗಿರಲಿಲ್ಲ. 1947ರಿಂದ ಸುಮಾರು ಎಪ್ಪತ್ತು ವರ್ಷ ಅವರು ಇದೇ ಬಂದೂಕನ್ನು ಹಿಮಕರಡಿಯ ಎದುರು ಹೊತ್ತರು. ಕೊರೆಯುವ ಚಳಿಯಲ್ಲೂ ಬೋಲ್ಟು ಸಿಕ್ಕಿಕೊಳ್ಳುವುದಿಲ್ಲವೆಂಬುದೇ ಅದರ ಹೆಗ್ಗಳಿಕೆ. ಕೊನೆಗೆ ಬಿಡಿಭಾಗ ಸಿಗದೆ ಹೊಸ ಬಂದೂಕು ಕೊಡಬೇಕಾಯಿತು.

ಆಸ್ಟ್ರೇಲಿಯದಲ್ಲಿ 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬನೇ 35 ಜನರನ್ನು ಗುಂಡಿಟ್ಟು ಕೊಂದ. ಆ ಬಳಿಕ ಸರ್ಕಾರ ತಾನಾಗಿ ತುಂಬಿಕೊಳ್ಳುವ ಬಂದೂಕುಗಳನ್ನು ನಿಷೇಧಿಸಿ, ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ಹಿಂದಕ್ಕೆ ಪಡೆದು ನಾಶ ಮಾಡಿತು. ಕೈಯಿಂದ ಬೋಲ್ಟು ಎಳೆಯುವ ಲೀ-ಎನ್‌ಫೀಲ್ಡ್ ಆ ನಿಷೇಧದಿಂದ ಪಾರಾಯಿತು. ಆದರೆ ಅದಕ್ಕೂ ನೋಂದಣಿ ಬೇಕು, ಪರವಾನಗಿ ಬೇಕು, ಏಕೆ ಬೇಕೆಂಬುದಕ್ಕೆ ತಕ್ಕ ಕಾರಣ ಬೇಕು. ಬೆಳೆಗಾರ ಎಂಬುದನ್ನು ತಕ್ಕ ಕಾರಣವೆಂದು ಅಲ್ಲಿ ಒಪ್ಪುತ್ತಾರೆ.

ನಮ್ಮ ದೇಶದ ಲೆಕ್ಕವೇ ಬೇರೆ

ಇಲ್ಲಿ 303 ಬಂದೂಕನ್ನು ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ. ಸೈನ್ಯದ ತೋಟಾ ಹಾರುವ ಬಂದೂಕು ನಿಷೇಧಿತ ಬೋರ್. ಬ್ರಿಟಿಷರ ಭಯ ಸ್ಪಷ್ಟವಾಗಿತ್ತು: ಸೈನ್ಯದಿಂದ ಕದ್ದ ತೋಟಾ ಜನರ ಬಂದೂಕಿನಲ್ಲಿ ಹಾರಬಾರದು. ಷಿಕಾರಿಗೆ ಬಂದೂಕು ಬೇಕೆನ್ನುವವರಿಗೆ ಆಗಿನ ವ್ಯಾಪಾರಿಗಳು ಬೇರೆ ಅಳತೆ ಹುಡುಕಿದರು. ಆಸ್ಟ್ರಿಯ ದೇಶದ ಸೈನ್ಯದ 8 ಮಿಲಿಮೀಟರಿನ ಹಳೆಯ ತೋಟಾವನ್ನು ಆರಿಸಿ ಅದಕ್ಕೆ 315 ಎಂದು ಹೆಸರಿಟ್ಟರು. ಅದೇ ಅಳತೆಯ ಷಿಕಾರಿ ರೈಫಲನ್ನು ಸ್ವಾತಂತ್ರ್ಯಾನಂತರ ಈಶಾಪುರದ ಕಾರ್ಖಾನೆ ಜನರಿಗಾಗಿ ತಯಾರಿಸಿತು. ಮಲೆನಾಡಿನ ಕೆಲವು ತೋಟದ ಮನೆಗಳಲ್ಲಿರುವ ‘ತ್ರೀ ಫಿಫ್ಟೀನ್’ ಇದೇ. ಅದರ ಬೋಲ್ಟು, ಒಟ್ಟು ಮೈಕಟ್ಟು ಲೀ-ಎನ್‌ಫೀಲ್ಡಿನದೇ. ತ್ರೀ-ನಾಟ್-ತ್ರೀಯ ತಮ್ಮನೆಂದರೂ ಸಲ್ಲುತ್ತದೆ. ಅದೇ ಕಾರ್ಖಾನೆಯಲ್ಲಿ ಹಳೆಯ 303ಗಳ ನಳಿಗೆ ಕೊರೆದು, ಒಳಗಿನ ಸುರುಳಿ ಗೆರೆ ಅಳಿಸಿ, ತೋಟಾ ಪೆಟ್ಟಿಗೆಗೆ ಮರದ ತುಂಡು ತುಂಬಿ, ಒಂದೊಂದೇ ಈಡು ಹಾರುವ 410 ಮಸ್ಕೆಟ್ಟನ್ನೂ ಮಾಡಿದ್ದರು. ಅದು ಪೋಲೀಸರಿಗೆ, ಕಾವಲಿನವರಿಗೆ.

ಪೋಲೀಸರಿಂದ ನಿವೃತ್ತವಾದ 303ಗಳೂ ಆಸ್ಟ್ರೇಲಿಯದಂತೆ ಹೊಲಕ್ಕೆ ಬರಲಿಲ್ಲ. 2020ರ ಗಣರಾಜ್ಯೋತ್ಸವದ ದಿನ ಉತ್ತರ ಪ್ರದೇಶದ ಪೋಲೀಸರು ಪೆರೇಡಿನಲ್ಲಿ ಅದಕ್ಕೆ ವಿದಾಯ ಹೇಳಿದರು. ನಮಗೆ ನಿಮಗೆ ಅದು ಹರಾಜಿನಲ್ಲಿ ಸಿಗುವ ಮಾತಿಲ್ಲ. ಯಾರಾದರೂ ‘ಹಳೇ ಮಿಲಿಟರಿ ಮಾಲು, ಕಡಿಮೆಗೆ ಕೊಡಿಸುತ್ತೇನೆ’ ಎಂದು ಬಂದರೆ ಆ ಮನುಷ್ಯನನ್ನು ಜಗಲಿಯಿಂದಲೇ ಕಳುಹಿಸಿ.

ಹಾಗಾದರೆ ರೈತನಿಗೆ ಏನು ಸಿಗುತ್ತದೆ? 1959ರ ಶಸ್ತ್ರ ಕಾಯ್ದೆಯ 13ನೆಯ ಕಲಮಿನಲ್ಲಿ ನಮ್ಮ ಹೆಸರಿನ ಮಾತೇ ಇದೆ. ನಿಜವಾದ ಬೆಳೆ ರಕ್ಷಣೆಗೆ ಕೇಳಿದರೆ ಮೂತಿಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ನಮ್ಮ ಕೇಪಿನ ಕೋವಿಗೆ ಪರವಾನಗಿ ಕೊಡಬೇಕೆಂದು ಅದು ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ತೋಟಾ ಕೋವಿಗೂ ಕೊಡಬಹುದು. ಇದರ ಅರ್ಥ ಹಂದಿ ಕಂಡಲ್ಲಿ ಹೊಡೆಯಬಹುದೆಂದಲ್ಲ. ಕೋವಿಯ ಪರವಾನಗಿ ಒಂದು, 1972ರ ವನ್ಯಜೀವಿ ಕಾಯ್ದೆ ಇನ್ನೊಂದು. ಒಂದರ ಕಾಗದ ತೋರಿಸಿ ಇನ್ನೊಂದರಿಂದ ಪಾರಾಗಲಾಗದು. ಹೆಚ್ಚಿನ ರೈತರ ಕೋವಿ ಹಾರುವುದು ಆಕಾಶಕ್ಕೆ, ಸದ್ದಿಗೆ.

ಕೊಡಗಿನವರ ಮಾತು ಬೇರೆ. ಕೊಡವ ಜನಕ್ಕೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ವರೆಗೆ ಮುಂದುವರಿಸಿತು. ಪ್ರಶ್ನಿಸಿ ಹೋದ ಅರ್ಜಿಯನ್ನು ನಮ್ಮ ಹೈಕೋರ್ಟು 2021ರಲ್ಲಿ ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ನಾಟಿ ಮುಗಿದು ಕೈಲ್ ಪೊಳ್ದ್ ಬಂದಾಗ ಅವರು ಕೋವಿಗಳನ್ನು ತೊಳೆದು, ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ. ನಮ್ಮ ಬೇಲಿಯ ಅಗ್ನಿಶಿಖೆಯೇ ಆ ಹೂವು. ಆ ವಿನಾಯಿತಿಯೂ ಪಿಸ್ತೂಲು, ರಿವಾಲ್ವರು, ಜೋಡಿ ನಳಿಗೆ ಕೋವಿಗಳಿಗೆ ಮಾತ್ರ. ಸೈನ್ಯದ ಬಂದೂಕಿಗೆ ಅಲ್ಲೂ ದಾರಿಯಿಲ್ಲ.

ಒಂದು ಮನೆಯ ಕೋವಿ

ಮಲೆನಾಡಿನ ನಮ್ಮ ಪರಿಚಯದ ಅಡಿಕೆ ಬೆಳೆಗಾರರೊಬ್ಬರ ತಂದೆಯವರ ಬಳಿ 315 ಇತ್ತು. ನಲವತ್ತು ವರ್ಷ ತಪ್ಪದೆ ಪರವಾನಗಿ ನವೀಕರಿಸಿದ್ದರು. ಅವರು ತೀರಿಕೊಂಡರು. ಉತ್ತರಕ್ರಿಯೆ, ಆಸ್ತಿ ಪಾಲು, ಕೊಳೆರೋಗ, ಹೀಗೆ ಎರಡು ಮಳೆಗಾಲ ಕಳೆಯಿತು. ಕೋವಿ ಅಟ್ಟದಲ್ಲೇ ಉಳಿಯಿತು. ಒಂದು ದಿನ ಮಗ ಇಳಿಸಿ ನೋಡಿದರೆ ನಳಿಗೆಗೆ ತುಕ್ಕು, ಮರಕ್ಕೆ ಬೂಷ್ಟು. ಹೇಗೂ ರಿಪೇರಿ ಆಗಬೇಕು, ತೋಟದಲ್ಲಿ ಪೊದೆಗೆ ಸಿಕ್ಕಿಕೊಳ್ಳುತ್ತದೆ, ಆರು ಅಂಗುಲ ಕತ್ತರಿಸಿಯೂ ಬಿಡೋಣ ಎಂದುಕೊಂಡು ಜೀಪಿನಲ್ಲಿ ಹಾಕಿ ಪೇಟೆಯ ಪರವಾನಗಿ ಇರುವ ಕೋವಿ ಅಂಗಡಿಗೆ ಒಯ್ದರು. ವಯಸ್ಸಾದ ಮೇಸ್ತ್ರಿ ಕೋವಿ ಮುಟ್ಟಲಿಲ್ಲ.

‘ಲೈಸೆನ್ಸ್ ಯಾರ ಹೆಸರಲ್ಲಿದೆ?’

‘ಅಪ್ಪಯ್ಯಂದು ಮಾರಾಯ್ರೆ.’

‘ಅವರೆಲ್ಲಿ?’

‘ತೀರಿಕೊಂಡು ಎರಡು ವರ್ಷ ಆಯ್ತು.’

‘ಹಾಗಾದರೆ ನೀವು ತಂದಿರೋದು ಕೋವಿ ಅಲ್ಲ, ಕೇಸು.’

ಮೇಸ್ತ್ರಿಯ ಮಾತು ಕಟುವಾದರೂ ಸರಿಯಿತ್ತು. ಪರವಾನಗಿ ಮನುಷ್ಯನಿಗೆ ಕೊಟ್ಟದ್ದು, ಮನೆಗಲ್ಲ. ಆತ ಸತ್ತ ದಿನ ಅದೂ ಸತ್ತಿತು. ಕಾಯ್ದೆಯ 21ನೆಯ ಕಲಮಿನಂತೆ ಕೋವಿಯನ್ನು ತಡಮಾಡದೆ ಠಾಣೆಗೋ ಪರವಾನಗಿ ಪಡೆದ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ಮರಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರಗಳೊಂದಿಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬಹುದು. 2016ರ ಶಸ್ತ್ರ ನಿಯಮಗಳು ವಾರಸಿಗೆ ದಾರಿ ಮಾಡಿವೆ. ಸಾವಿನ ತನಕ ಕಾಯಬೇಕೆಂದೂ ಇಲ್ಲ: ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ 25 ವರ್ಷ ಅವನಲ್ಲಿದ್ದರೆ, ಬದುಕಿರುವಾಗಲೇ ಮಕ್ಕಳ ಹೆಸರಿಗೆ ಕೇಳಬಹುದು. ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಈ ಕೆಲಸವನ್ನು ಈ ವರ್ಷವೇ ಮುಗಿಸಿಕೊಳ್ಳಿ. 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಎರಡೇ ಕೋವಿ, ಪರವಾನಗಿ ಅವಧಿ 5 ವರ್ಷ ಎಂಬುದೂ ನೆನಪಿರಲಿ.

ಇನ್ನು ನಳಿಗೆ ಕತ್ತರಿಸುವ ಮಾತು. ಆಸ್ಟ್ರೇಲಿಯದ ಹಿತ್ತಲಲ್ಲಿ ರಜೆಯ ದಿನದ ಹವ್ಯಾಸವಾಗಿದ್ದದ್ದು ಇಲ್ಲಿ 6ನೆಯ ಕಲಮಿನ ಅಪರಾಧ. ಅದಕ್ಕೆಂದೇ ಪಡೆದ ಪರವಾನಗಿ ಇಲ್ಲದೆ ಯಾರೂ ನಳಿಗೆ ಮೋಟು ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಊರ ಕಮ್ಮಾರನಿಂದ ಮಾಡಿಸಿದರೆ ಅವನನ್ನೂ ಸಿಕ್ಕಿಸಿದಂತೆ. ರಿಪೇರಿಯೂ ಅಷ್ಟೇ, ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ.

ಬೆಳೆಗಾರರು ಅಂದೇ ಕೋವಿಯನ್ನು ಅಂಗಡಿಯ ಮುಖಾಂತರ ಒಪ್ಪಿಸಿದರು. ಪರವಾನಗಿ ಅವರ ಹೆಸರಿಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಒಂದು ಕಚೇರಿಯಲ್ಲಿ ಕಡತ ಎರಡು ಸಲ ಕಳೆದುಹೋಯಿತು. ಆ ಪುರಾಣ ನಿಮಗೆ ಹೊಸದಲ್ಲವಾದ್ದರಿಂದ ಬಿಡುತ್ತೇನೆ.

ಬಿಸಿನೀರು ಮತ್ತು ಅಗಸೆ ಎಣ್ಣೆ

ಹಾಗಾದರೆ ಕೋವಿಗೆ ನಾವು ಮಾಡಬಹುದಾದದ್ದೇನೂ ಇಲ್ಲವೇ? ಇದೆ. ಹಳೆಯ ಸಿಪಾಯಿಗಳ ಎರಡು ವಿದ್ಯೆಗಳು ಇಂದಿಗೂ ಉಪಯೋಗಕ್ಕಿವೆ, ಎರಡಕ್ಕೂ ಕಾನೂನಿನ ಅಡ್ಡಿಯಿಲ್ಲ. ಶುರುಮಾಡುವ ಮೊದಲು ಕೋವಿ ಖಾಲಿಯಿದೆಯೇ ಎಂದು ಕಣ್ಣಿನಿಂದ ನೋಡಿ. ಕೇಪಿನ ಕೋವಿಯಾದರೆ ಗಜವನ್ನು ನಳಿಗೆಗೆ ಇಳಿಸಿ ತಳ ಮುಟ್ಟುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಹೋದ ವರ್ಷ ತುಂಬಿಟ್ಟ ಮದ್ದು ಈ ವರ್ಷವೂ ಹಾರುತ್ತದೆ.

ಮೊದಲನೆಯದು ಬಿಸಿನೀರು. ಹಳೆಯ ಕಾಲದ ತೋಟಾದ ಕೇಪಿನಲ್ಲಿ ಸೇರಿಸುತ್ತಿದ್ದ ರಾಸಾಯನಿಕ ಹಾರಿದ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪನ್ನು ಬಿಡುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಂಡರೆ ಬೆಳಗಾಗುವುದರಲ್ಲಿ ತುಕ್ಕು. ಎಣ್ಣೆ ಹಚ್ಚಿದರೆ ಉಪ್ಪು ಕರಗದು, ಉಪ್ಪು ಕರಗುವುದು ನೀರಿನಲ್ಲಿ. ಅದಕ್ಕೇ ಸಿಪಾಯಿಗಳು ಗುಂಡು ಹಾರಿಸಿದ ದಿನವೇ ಕುದಿನೀರನ್ನು ನಳಿಗೆಯೊಳಗೆ ಹೊಯ್ಯುತ್ತಿದ್ದರು. ಕಬ್ಬಿಣ ಬಿಸಿಯಾಗುವುದರಿಂದ ಬೇಗ ಒಣಗುತ್ತದೆ. ಆಮೇಲೆ ಒಣ ಬಟ್ಟೆ, ಕೊನೆಗೆ ತೆಳುವಾಗಿ ಎಣ್ಣೆ. ನಮ್ಮ ಕೇಪಿನ ಕೋವಿಯ ಕರಿಮದ್ದಿನ ಮಸಿಯೂ ತೇವ ಎಳೆಯುವಂಥದೇ, ಅದಕ್ಕೂ ಇದೇ ಮದ್ದು.

ಎರಡನೆಯದು ಅಗಸೆ ಎಣ್ಣೆ. ಲೀ-ಎನ್‌ಫೀಲ್ಡಿನ ಮರಕ್ಕೆ ಬ್ರಿಟಿಷ್ ಸೈನ್ಯ ವಾರ್ನಿಷ್ ಬಳಿಯಲಿಲ್ಲ, ಹಸಿ ಅಗಸೆ ಎಣ್ಣೆ ತಿಕ್ಕಿತು. ಉತ್ತರ ಕರ್ನಾಟಕದ ನಿಮ್ಮ ಹೊಲದಲ್ಲಿ ಬೆಳೆಯುವ ಅಗಸೆಯದೇ. ಹಳೆಯ ಕೊಳೆಯನ್ನು ಒರೆಸಿ, ಅಂಗೈಯಲ್ಲಿ ನಾಲ್ಕು ಹನಿ ಹಾಕಿಕೊಂಡು ಬೆಚ್ಚಗಾಗುವ ತನಕ ಮರಕ್ಕೆ ಉಜ್ಜಿ. ಉಳಿದದ್ದನ್ನು ಒರೆಸಿ, ಕೆಲವು ದಿನ ಆರಲು ಬಿಟ್ಟು ಮತ್ತೆ ಉಜ್ಜಿ. ಹೆಚ್ಚು ಹಚ್ಚಿದರೆ ಅಂಟಾಗುತ್ತದೆ. ಗುದ್ದಲಿ, ಮಚ್ಚಿನ ಹಿಡಿಗೂ ಇದು ನಡೆಯುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹುಲ್ಲು ಒಟ್ಟಿದ ಕೊಟ್ಟಿಗೆಯಲ್ಲಂತೂ ಬೇಡವೇ ಬೇಡ. ನೀರಿನಲ್ಲಿ ಅದ್ದಿ, ಬಿಸಿಲಿಗೆ ಹರಡಿ ಒಣಗಿಸಿ.

ಚುನಾವಣೆಗೆ ಮುನ್ನ ಕೋವಿಯನ್ನು ಠಾಣೆಗೆ ಒಪ್ಪಿಸುವ ಆದೇಶ ಬಂದರೆ ಇದೇ ಕೆಲಸವನ್ನು ಹಿಂದಿನ ದಿನ ಮಾಡಿ. ನಾನು ಕಂಡ ಒಂದು ಕೋವಿ ಎರಡು ತಿಂಗಳು ಸಿಮೆಂಟು ನೆಲದ ಮೇಲೆ ಬಿದ್ದಿದ್ದು ಕೆಂಪಗಾಗಿ ಮನೆಗೆ ಬಂದಿತ್ತು. ನಳಿಗೆಗೆ ಒಳಗೂ ಹೊರಗೂ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಕೋವಿಯ ನಂಬರನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಹಿಂದಕ್ಕೆ ತರುವಾಗ ಆ ನಂಬರನ್ನೂ ಬೋಲ್ಟಿನ ಮೇಲಿನ ನಂಬರನ್ನೂ ಅಲ್ಲೇ ನಿಂತು ತಾಳೆ ನೋಡಿ, ಆಮೇಲೆ ಸಹಿ ಹಾಕಿ. ಅಡಿಕೆ ಬೆಳೆಗಾರರು ಈಗ ಹಾಗೆಯೇ ಮಾಡುತ್ತಾರೆ. ಅವರ ತಂದೆಯ 315 ಪೂರ್ತಿ ಉದ್ದದ ನಳಿಗೆಯೊಂದಿಗೆ ಮನೆಯ ಬೀಗದ ಬೀರುವಿನಲ್ಲಿದೆ.